ನೆಟ್ ಕತ್ತರಿಸಿದ ಮಾಳಿಂಗರಾಯರು

"ಈ ಮನಿ ಖರ್ಚಿನ ಹಲ್ಲು ಕೀಳಲಿಲ್ಲಂದ್ರ ನನ್ನ ಹೆಸರು ಮಾಳಿಂಗರಾಯ ಅಲ್ಲ!"

ಜೂನ್ ಒಂದನೇ ತಾರೀಖು, ಎರಡನೇ ಕಪ್ ಚಹಾ ಮುಗಿಸಿ ಮಾಳಿಂಗರಾಯರು ಹೀಗೆಂದು ಘೋಷಿಸಿದರು. ಜಮಖಂಡಿಯ ಪತ್ತಿನ ಸಂಘದಲ್ಲಿ ಗುಮಾಸ್ತರಾಗಿದ್ದ ಅವರು ದಿನವೂ ರಬಕವಿಯಿಂದ ಬೈಕಿನಲ್ಲಿ ಓಡಾಡುತ್ತಿದ್ದರು. ತಿಂಗಳಿಗೆ ಪೆಟ್ರೋಲು ಸಾವಿರದ ಎಂಟುನೂರು, ಕರೆಂಟು ಆರುನೂರೈವತ್ತು, ಇಂಟರ್ನೆಟ್ ಐನೂರು. ಊರವರಿಗೆಲ್ಲ ಉಳಿತಾಯದ ಉಪದೇಶ ಮಾಡುವವರ ಮನೆಯಲ್ಲೇ ಇಷ್ಟು ಸೋರಿಕೆಯೇ!

"ಹೆಸರು ಬದಲಿ ಮಾಡಾಕೂ ಖರ್ಚೈತ್ರಿ," ಎಂದರು ಹೆಂಡತಿ ಕಸ್ತೂರೆವ್ವ, ಗಿರಾಕಿಯೊಬ್ಬರ ಸೀರೆಗೆ ಕುಚ್ಚು ಕಟ್ಟುತ್ತಲೇ.

ಮಾಳಿಂಗರಾಯರು ಕೇಳಿಸಿಕೊಳ್ಳಲಿಲ್ಲ. ಅಂದೇ ಬೈಕಿಗೆ ಹಳೆಯ ಚಾದರ ಹೊದಿಸಿ ಬಸ್ಸು ಹಿಡಿದರು. ಸಂಜೆ ಇಂಟರ್ನೆಟ್‌ನವನಿಗೆ ಫೋನು ಮಾಡಿ ಮನೆಯ ಸಂಪರ್ಕ ತೆಗೆಸಿದರು. ಗಂಡ, ಹೆಂಡತಿ, ಮಗಳು ಮೂವರಿಗೂ ಸೇರಿ ಒಂದೇ ಫ್ಯಾನು! ಚಾರ್ಜು ಉಳಿದರೆ ಕರೆಂಟು ಉಳಿಯುತ್ತದೆಂದು, ರಜೆಯ ದಿನ ತಮ್ಮ ಮೊಬೈಲನ್ನೂ ಆರಿಸಿ ಜೇಬಿಗಿಟ್ಟುಕೊಂಡರು. ಫೋನಿಗೂ ಒಂದು ರಜೆ!

ಇಪ್ಪತ್ತು ದಿನ ರಾಜ್ಯಭಾರ ಸುಗಮವಾಗಿ ಸಾಗಿತು. ಇಪ್ಪತ್ತೊಂದನೇ ದಿನ ರಜೆಯಿತ್ತು. ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಮಗಳು ಭಾಗ್ಯಾ ಓಡಿ ಬಂದಳು.

"ಅಪ್ಪಾ, ಡಿಪ್ಲೊಮಾ ಫಾರ್ಮ್ ಹಾಕಾಕ ಇವತ್ತ ಕಡೀ ದಿನ ಅಂತ! ಐದರ ಒಳಗ ಆನ್‌ಲೈನ್ ಹಾಕಬೇಕು. ನನ್ನ ಗೆಳತಿ ಈಗ ಹೇಳಿದ್ಲು."

ಮಾಳಿಂಗರಾಯರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹತ್ತನೆಯ ತರಗತಿಯಲ್ಲಿ ಎಂಬತ್ತೊಂಬತ್ತು ಪ್ರತಿಶತ ತಂದ ಮಗಳು! ಐನೂರು ರೂಪಾಯಿಗಾಗಿ ಅವಳ ವರ್ಷವೇ ಹೋದರೆ? ಆದರೆ ಅಳುಕು ತೋರಿಸಿದರೆ ಯಜಮಾನಿಕೆ ಏನಾಗಬೇಕು!

"ನೆಟ್ ಸೆಂಟರ್ ಯಾಕ ಅದಾವ? ಫೈಲ್ ತಾ ಇಲ್ಲೆ!"

"ಅಲ್ರೀ, ಒಂದೀಟು ಕೇಳ್ರಿಲ್ಲೆ..." ಎಂದರು ಕಸ್ತೂರೆವ್ವ.

"ಹೊಂಟಾಗ ಅಡ್ಡ ಮಾತಾಡಬ್ಯಾಡ!"

ಚಾದರ ಸರಿಸಿ ಬೈಕಿಗೆ ಒದ್ದರು. ಬೈಕು ಕೆಮ್ಮಿತು. ಮತ್ತೆ ಒದ್ದರು. ಕೆಮ್ಮೂ ನಿಂತಿತು. ಮೂವತ್ತು ಒದೆತ ಮುಗಿಯುವಷ್ಟರಲ್ಲಿ ಬೈಕು ತಣ್ಣಗೇ ಇತ್ತು, ಮಾಳಿಂಗರಾಯರ ಎಂಜಿನ್ನು ಕುದಿಯುತ್ತಿತ್ತು! ಫೈಲನ್ನು ಬಗಲಿಗಿಟ್ಟುಕೊಂಡು ಓಡಿದರು.

ರಬಕವಿಯ ನೆಟ್ ಸೆಂಟರಿನ ಸಾಲು ರಸ್ತೆಗೆ ಬಂದು ನಿಂತಿತ್ತು. ಆಟೋ ಹತ್ತಿ ಬನಹಟ್ಟಿಗೆ ಹೋದರು, ಅಲ್ಲಿ ಕರೆಂಟೇ ಇಲ್ಲ. "ಚಿಮ್ಮಡದಾಗ ಒಂದ ಐತಿ, ಖಾಲಿ ಇರತೈತಿ," ಎಂದು ಯಾರೋ ಪುಣ್ಯಾತ್ಮರು ಹೇಳಿದರು.

"ಚಿಮ್ಮಡಕ್ಕ ಬರ್ತಿ ಏನಪಾ?"

"ಒಬ್ಬರ ಅದೀರಿ. ಎರಡ್ನೂರು ಆಕ್ಕೈತ್ರಿ," ಎಂದ ಆಟೋದವನು.

ಬೇರೆ ದಿನವಾಗಿದ್ದರೆ ಆ ದರಕ್ಕೆ ಮಾಳಿಂಗರಾಯರು ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದರು. ಇಂದು ಬಾಯಿ ಮುಚ್ಚಿಕೊಂಡು ಹತ್ತಿದರು.

ಚಿಮ್ಮಡ ಮುಟ್ಟಿದಾಗ ನಾಲ್ಕೂವರೆ. ಸೆಂಟರ್ ನಡೆಸುತ್ತಿದ್ದ ರತ್ನಾಬಾಯಿ ಸಮಾಧಾನದಿಂದ ಮಗಳ ಹೆಸರು, ನಂಬರು ಬಡಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು.

"ಈ ಫಾರ್ಮ್ ಆಗಲೇ ಹೋಗೈತಲ್ರಿ?"

"ಹೋಗೈತಿ? ಯಾಂವ ಕಳಿಸಿದ? ಯಾರೋ ನನ್ನ ಮಗಳ ಸೀಟು ಹೊಡದಾರ! ಪೊಲೀಸರನ್ನ ಕರೀರಿ!"

"ಕಾಕಾ, ಮೊದಲ ಮನೀಗೆ ಫೋನ್ ಹಚ್ಚರಿ."

ಜೇಬಿನಿಂದ ಫೋನು ತೆಗೆದು ಚಾಲೂ ಮಾಡಿದರು. ಹನ್ನೊಂದು ಸಲ ಮನೆಯಿಂದ ಕರೆ ಬಂದಿತ್ತೆಂದು ಸಂದೇಶಗಳು ಟಣಟಣನೆ ಉದುರಿದವು. ಮನೆಗೆ ಕರೆ ಮಾಡಿದರು.

"ಎಲ್ಲಿ ಅದೀರಿ?" ಕಸ್ತೂರೆವ್ವನ ದನಿ ತಣ್ಣಗಿತ್ತು. "ನೀವು ಹ್ವಾದ ಹತ್ತ ನಿಮಿಷಕ್ಕ ಫಾರ್ಮ್ ಹೋತ್ರಿ."

"ನೆಟ್ ಎಲ್ಲೀದು?"

"ನನ್ನ ಫೋನಿಂದು. ಕುಚ್ಚಿನ ರೊಕ್ಕದಾಗ ನಾನ ಹಾಕಸ್ಕೊಂಡೇನಿ. ಕಾಗದದ ಫೋಟೋ ಭಾಗ್ಯಾ ಮೊದಲ ತಗದಿಟ್ಟಿದ್ಲು. ಹೇಳಾಕ ಬಂದೆ, ನೀವು ಬೈಕಿಗೆ ಒದಿಯೂದ್ರಾಗ ಇದ್ರಿ."

ಮಾಳಿಂಗರಾಯರು ಫೈಲನ್ನು ಎದೆಗೊತ್ತಿಕೊಂಡು ಸ್ಟೂಲಿನ ಮೇಲೆ ಕುಸಿದರು. ಮಗಳ ವರ್ಷ ಉಳಿಯಿತೆಂದು ಕಣ್ಣು ತುಂಬಿತು, ತಮ್ಮ ಮಾನ ಹೋಯಿತೆಂದು ಮುಖ ಕೆಂಪಾಯಿತು. ರತ್ನಾಬಾಯಿ ನಗು ತಡೆದುಕೊಂಡು ಇಪ್ಪತ್ತು ರೂಪಾಯಿ ತೆಗೆದುಕೊಂಡರು, ಕೆಂಪಕ್ಷರ ತೋರಿಸಿದ್ದಕ್ಕೆ!

ಮನೆಗೆ ಮರಳಲು ಮತ್ತೆ ಎರಡುನೂರು. ಮರುದಿನ ಮೆಕ್ಯಾನಿಕ್ ಬಂದು ಬೈಕಿಗೆ ಆರುನೂರು ತಿಂದ. ಇಂಟರ್ನೆಟ್‌ನವನು, "ಒಮ್ಮೆ ತಗಿಸಿದ್ರ ಹೊಸಾ ಕನೆಕ್ಷನ್ನ ಆಕ್ಕೈತ್ರಿ, ಸಾವಿರದ ಇನ್ನೂರು," ಎಂದ. ಅಷ್ಟರಲ್ಲಿ ಮಾಳಿಂಗರಾಯರ ಜೇಬು ಬರಿದಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡರು.

"ಏ... ಒಂದ ಸಾವಿರದ ಇನ್ನೂರು ಇದ್ರ ಕೊಡತಿ ಏನು?"

ಕಸ್ತೂರೆವ್ವ ಡಬ್ಬಿಯಿಂದ ನೋಟು ತೆಗೆದು ಎಣಿಸಿ, ಗಂಡನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು.

"ತಗೋರಿ. ಖರ್ಚು ಎಷ್ಟ ಬೇಕಾದ್ರೂ ಮಾಡ್ರಿ, ಹೆಂಗರ ಸುಧಾರಸ್ತೇನಿ. ಆದ್ರ ಉಳಿತಾಯ ಮಾತ್ರ ಮಾಡಬ್ಯಾಡ್ರಿ. ಅದು ಭಾಳ ತುಟ್ಟಿ, ನಮ್ಮಂಥಾ ಮಂದಿಗೆ ಪರವಡಂಗಿಲ್ಲ!"