ಮಲಕ್ಕಾದಲ್ಲಿ ನನ್ನ ಕುಕ್ಕರು

ಹಿಂದೂ ಮಹಾಸಾಗರದ ಕಾವಲು ದಿಲ್ಲಿಯಿಂದ ನಡೆಯುತ್ತದೆ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪಲ್ಲ. ಪೇಪರಿನವರು ಹಾಗೇ ಬರೆಯುತ್ತಾರೆ. ನಿಜವಾಗಿ ಅದು ನಡೆಯುವುದು ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಿಂದ. ನಡೆಸುವವನು ನನ್ನ ಮೈದುನ. ಅದಕ್ಕೆ ಬೇಕಾದ ಹಡಗುಗಳು ಹೊರಡುವುದು ನನ್ನ ಅಡುಗೆಮನೆಯಿಂದ. ಮೊದಲಿನ ಎರಡು ದೇಶದ ವಿಷಯ, ಅವಕ್ಕೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಇದೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಎಂಟು ವರ್ಷದವ. ಈಗ ನಲವತ್ತೆರಡು. ಮದುವೆಯಿಲ್ಲ, ಯಾಕಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಅವನ ಕೆಲಸ ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ. ಹಂಗಾಮಿನಲ್ಲಿ ಕಬ್ಬು ಹೊತ್ತು ಬರುವ ಟ್ರ್ಯಾಕ್ಟರುಗಳಿಗೆ ಸರದಿ ಚೀಟಿ ಕೊಟ್ಟು ಒಂದೊಂದಾಗಿ ಒಳಗೆ ಬಿಡುವುದು. ಹಂಗಾಮು ಮುಗಿದರೆ ಕಾರ್ಖಾನೆಯ ಕೆಲಸ ಕಡಿಮೆ, ದೇಶದ ಕೆಲಸ ಜಾಸ್ತಿ. ಯಾವ ದ್ವೀಪದಲ್ಲಿ ಯಾರು ಬಂದರು ಕಟ್ಟುತ್ತಿದ್ದಾರೆ, ಯಾಕೆ ಕಟ್ಟುತ್ತಿದ್ದಾರೆ, ಅದನ್ನು ನೋಡಿಯೂ ನಾವು ಯಾಕೆ ಸುಮ್ಮನಿದ್ದೇವೆ, ಎಲ್ಲಕ್ಕೂ ಅವನ ಹತ್ತಿರ ಒಂದೊಂದು ನೋಟುಬುಕ್ಕು. ಇಷ್ಟು ಬಲ್ಲ ಮನುಷ್ಯ ಮೊನ್ನೆ ಮೊನ್ನೆಯವರೆಗೆ ಒಂದು ಸಲವೂ ಸಮುದ್ರ ನೋಡಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಕಾರವಾರ. ಹೋಗುವುದಿಲ್ಲ ಅಂದರೆ ಹೋಗುವುದಿಲ್ಲ!

ಪಡಸಾಲೆಯ ಫರಸಿ ನೆಲದ ಮೇಲೆ ಅವನು ಖಡು, ಅಂದರೆ ಸೀಮೆಸುಣ್ಣದಿಂದ ಮಹಾಸಾಗರ ಬರೆಯುತ್ತಾನೆ. ಆಫ್ರಿಕಾ ಬಾಗಿಲ ಕಡೆ, ಆಸ್ಟ್ರೇಲಿಯಾ ನನ್ನ ಹೊಲಿಗೆ ಯಂತ್ರದ ಕೆಳಗೆ. ಕಸ ಹೊಡೆಯುವಾಗ ನಾನು ಶ್ರೀಲಂಕೆಯನ್ನು ಸುತ್ತಿ ಹೋಗಬೇಕು. ಒಮ್ಮೆ ನೆಲ ಒರೆಸುವಾಗ ಮಾಲ್ದೀವ್ಸ್ ಅಳಿಸಿಹೋಯಿತೆಂದು ಎರಡು ದಿನ ಮಾತು ಬಿಟ್ಟಿದ್ದ. ಒರೆಸಿದ್ದು ನಾನು, ಬೆನ್ನು ನೋವು ನನ್ನದು, ಮುನಿಸು ಅವನದು! ಇನ್ನು ಈ ಸಮುದ್ರಕ್ಕೆ ಹಡಗು ಬೇಡವೇ? ಸೋಮವಾರ ಲಟ್ಟಣಿಗೆ ಏಡನ್ ಕೊಲ್ಲಿಗೆ ಹೋದದ್ದು ಗುರುವಾರ ತಿರುಗಿ ಬಂತು. ಅಷ್ಟು ದಿನ ಚಪಾತಿಯನ್ನು ನಾನು ಹಿತ್ತಾಳೆ ಚರಿಗೆಯಿಂದ ಲಟ್ಟಿಸಿದೆ.

ಒಂದು ಮುಂಜಾನೆ ಕುಕ್ಕರ್ ಕಾಣಲಿಲ್ಲ.

"ಕುಕ್ಕರ್ ಎಲ್ಲೈತೋ?"

"ಮಲಕ್ಕಾದಾಗ ಐತ್ರಿ ವೈನಿ."

"ಬ್ಯಾಳಿ ಇಡಬೇಕು, ತಾ."

"ಇನ್ನೊಂದ ತಾಸ ತಡೀರಿ. ಅದು ವಿಮಾನ ಇಳಿಯೋ ಹಡಗ. ಈಗ ತಗದ್ರ ಆ ದಾರಿ ಪೂರಾ ಖಾಲಿ ಬೀಳತೈತಿ."

"ಹನ್ನೆರಡಕ್ಕ ನಿಮ್ಮಣ್ಣ ಊಟಕ್ಕ ಬರತಾರ. ಆವಾಗ ಅವರ ಹೊಟ್ಟಿ ಖಾಲಿ ಬೀಳತೈತಿ. ಯಾವುದ್ ಭಾರಿ, ನೀನ ಹೇಳು."

ಅವನು ಯೋಚಿಸಿದ. ನಗೆಯಾಡಿದ್ದಲ್ಲ, ನಿಜವಾಗಿಯೂ ಕಣ್ಣು ಮುಚ್ಚಿ ಯೋಚಿಸಿದ. ಆಮೇಲೆ, "ಹಂಗಾದ್ರ ಇಡ್ಲಿ ಪಾತ್ರಿ ಕೊಡ್ರಿ. ಅದನ್ನ ಇಟ್ಟು ಇದನ್ನ ತಗೀತೇನಿ," ಅಂದ. ಅಂದಿನಿಂದ ನಮ್ಮ ಮನೆಯಲ್ಲಿ ಬೇಳೆ ಬೇಯಬೇಕಾದರೆ ಮೊದಲು ಬದಲಿ ಪಡೆ ಹೋಗಿ ಮುಟ್ಟಬೇಕು.

ಮದುವೆಯ ಮಾತು ಹೇಳುತ್ತೇನೆಂದಿದ್ದೆ. ಸಿರಸಂಗಿಗೆ ಹೆಣ್ಣು ನೋಡಲು ಹೋಗಿದ್ದೆವು. ಒಳ್ಳೆಯ ಮನೆ, ಹುಡುಗಿಯೂ ಲಕ್ಷಣವಾಗಿದ್ದಳು. ಅವಳ ತಂದೆ ಮಾತಿಗೆ, "ಬಿಡುವಿನಾಗ ಏನ ಮಾಡತೀರಿ?" ಎಂದು ಕೇಳಿದರು. ಲೋಕದ ಗಂಡುಗಳೆಲ್ಲ ಇದಕ್ಕೆ "ಟಿವಿ ನೋಡತೇನ್ರಿ" ಎಂದು ಹೇಳಿ ಮದುವೆಯಾಗಿ ಹೋಗುತ್ತಾರೆ. ಇವನು ಅವಲಕ್ಕಿಯ ಪ್ಲೇಟು ಪಕ್ಕಕ್ಕಿಟ್ಟು ಅರ್ಧ ತಾಸು ಹೊರ್ಮುಜ್ ಜಲಸಂಧಿ ಹೇಳಿದ. ಅಲ್ಲಿ ಒಂದು ಹಡಗು ಅಡ್ಡ ನಿಂತರೆ ಸಿರಸಂಗಿಯ ಟ್ರ್ಯಾಕ್ಟರಿಗೆ ಡೀಸೆಲ್ ಹೇಗೆ ಸಿಗುವುದಿಲ್ಲ ಎಂಬುದನ್ನು ಚಮಚೆ, ಲೋಟ ಇಟ್ಟು ತೋರಿಸಿದ. ಹಿರಿಯರು ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು. ಜ್ವರದ ವಿಚಾರ ಕೇಳುವ ಡಾಕ್ಟರರ ದನಿಯಲ್ಲಿ, "ಅವ್ವಾರ, ಇವರಿಗೆ ಇದು ಯಾವಾಗಿಂದ ಐತ್ರಿ?" ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಮೈಯೆಲ್ಲ ಸಿಟ್ಟು. ಯಾರ ಮೇಲೆ ಎಂಬುದು ಮಾತ್ರ ಊರು ಬಂದರೂ ಗೊತ್ತಾಗಲಿಲ್ಲ.

ಸವದತ್ತಿಯದು ಇನ್ನೊಂದು ಕಥೆ. ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ದುರ್ಬೀನು ಹಿಡಿದು ಮೀನುಗಾರರ ತೆಪ್ಪ ಎಣಿಸುತ್ತ ಕೂತವನನ್ನು ಅಣೆಕಟ್ಟಿನ ಕಾವಲುಗಾರ ಹಿಡಿದ. ಅಂದು ನಾನು ಹಪ್ಪಳದ ಹಿಟ್ಟು ಕಲಸಿ ಇಟ್ಟಿದ್ದೆ. ಫೋನು ಬಂತು: "ನಿಮ್ಮ ಮನಿಯವ್ರೊಬ್ರು ಇಲ್ಲಿ ಕುಂತಾರ್ರೀ. ಏನ ಮಾಡಾಕತ್ತೀರಿ ಅಂದ್ರ ಕಡಲ ಭದ್ರತಾ ಅಂತಾರ. ಇಲ್ಲಿ ಕಡಲ ಎಲ್ಲೈತ್ರಿ?" ಹಿಟ್ಟಿನ ಮೇಲೆ ಒದ್ದೆ ಅರಿವೆ ಮುಚ್ಚಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅವನು ಕಾವಲುಗಾರನ ಕುರ್ಚಿಯಲ್ಲಿ, ಕಾವಲುಗಾರ ನಿಂತಿದ್ದ.

"ವೈನಿ, ಭಾಳ ಚೊಲೋ ಹಿಡದ್ರು ನೋಡ್ರಿ," ಎಂದು ಹಿಗ್ಗಿ ಹೇಳಿದ. "ನಾ ಬಂದು ಹನ್ನೊಂದ ಮಿನಿಟಿನಾಗ ಹಿಡದ್ರು. ಹಿಂಗ ಇರಬೇಕ್ರಿ."

ಕಾವಲುಗಾರ ನನಗೆ ಕೈ ಮುಗಿದ. "ಕರಕೊಂಡ ಹೋಗ್ರಿ ಅಕ್ಕಾರ. ಇನ್ನೊಂದ ತಾಸ ಇದ್ರ ನನ್ನ ಕಡಿಂದ ವರದಿ ಬರಸ್ತಾರ."

ಹಪ್ಪಳದ ಹಿಟ್ಟು ಹುಳಿ ಬಂದಿತ್ತು. ಅದನ್ನು ಯಾವ ವರದಿಯಲ್ಲೂ ಬರೆಯಲಿಲ್ಲ.

ಇಷ್ಟೆಲ್ಲದರ ನಡುವೆ ಅವನು ಒಂದು ದೊಡ್ಡ ಪ್ರಬಂಧ ಬರೆದಿದ್ದ. ಅದರ ಬೀಜ ಅವನ ಗೇಟಿನದೇ. ಕಬ್ಬಿನ ಸಾಲಿನಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಅದರ ಹಿಂದಿನವನು ಹಾರ್ನ್ ಹೊಡೆಯುವಂತಿಲ್ಲ. ತನ್ನ ಟ್ರೇಲರಿನಿಂದ ಇಂಜಿನ್ ಬಿಚ್ಚಿಕೊಂಡು ಬಂದು ಮುಂದಿನವನನ್ನು ಎಳೆದು ಒಳಗೆ ಬಿಡಬೇಕು, ಆಮೇಲೆ ತನ್ನ ಸರದಿ. ಸುರೇಬಾನದವನಿರಲಿ, ಎಂ.ಕೆ. ಹುಬ್ಬಳ್ಳಿಯವನಿರಲಿ, ಜಗಳವಾಡಿದವನೇ ಇರಲಿ, ಎಳೆಯಲೇಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಡ್ರೈವರುಗಳೇ ಮಾಡಿಕೊಂಡ ರೂಢಿ. ಇಕ್ಕಟ್ಟಿನ ಜಲಸಂಧಿಗಳಲ್ಲೂ ದೇಶದೇಶಗಳು ಇದನ್ನೇ ಪಾಲಿಸಬೇಕು, ಹಿಂದಿನವನೇ ಹೊಣೆ, ಎಂಬುದು ಅವನ ವಾದ. ಕೇಳಿದಾಗ ನನಗೂ ಸರಿ ಅನ್ನಿಸಿತ್ತು. ಹೇಳಲಿಲ್ಲ. ಹೇಳಿದ್ದರೆ ಒಲೆಯನ್ನೂ ಒಯ್ಯುತ್ತಿದ್ದ.

ಅದನ್ನು ಮುಂಬೈಯ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದ. ಹಿಂದೆ ಕಳಿಸಿದವೆಲ್ಲ ಸದ್ದಿಲ್ಲದೆ ಮುಳುಗಿದ್ದವು. ಈ ಸಲ ಉತ್ತರ ಬಂತು. ವಿಚಾರ ಹೊಸದಾಗಿದೆ, ಆದರೆ ಲೇಖಕರು ಬಂದರಿನ ಬಾಯಲ್ಲಿ ಕಣ್ಣಾರೆ ಕಂಡದ್ದು ಒಂದೂ ಇಲ್ಲ. ಅದನ್ನು ಸೇರಿಸಿ ತಿಂಗಳೊಳಗೆ ಕಳಿಸಿದರೆ ಅಚ್ಚು ಹಾಕುತ್ತೇವೆ.

ನಾನು ಖುಷಿಗೆ ಸಿಹಿ ಸಜ್ಜಕ ಮಾಡಿದೆ. ಅವನು ಪತ್ರ ಮಡಚಿ ನೋಟುಬುಕ್ಕಿನಲ್ಲಿಟ್ಟ. ಮೊದಲ ವಾರ ಬೆನ್ನು ನೋವು. ಎರಡನೇ ವಾರ ಘಟ್ಟದಲ್ಲಿ ಮಳೆ. ಮೂರನೇ ವಾರ ಅಮಾವಾಸ್ಯೆ. ಅಮಾವಾಸ್ಯೆಗೆ ಹಡಗು ನಿಲ್ಲುತ್ತವೆಯೇ? ನನ್ನ ತಾಳ್ಮೆ ನೀವು ತಿಳಿದಷ್ಟು ದೊಡ್ಡದಲ್ಲ. ಅವನು ನೆಲದ ಮೇಲೆ ಬಗ್ಗಿ ಸುಮಾತ್ರಾ ತಿದ್ದುತ್ತಿದ್ದಾಗ ಎದುರಿಗೆ ಹೋಗಿ ನಿಂತೆ.

"ಇಷ್ಟ ವರ್ಷ ನನ್ನ ಭಾಂಡಿ ಎಲ್ಲಾ ಸಮುದ್ರಕ್ಕ ಹೋಗಿ ಬಂದಾವು. ನಿನಗೇನ ಧಾಡಿ ಆಗೈತಿ?"

ಅವನು ತಲೆ ಎತ್ತಲಿಲ್ಲ. "ಹೋಗಿ ನೋಡಿದ ಮ್ಯಾಲೆ ನಾ ಬರದದ್ದೆಲ್ಲಾ ಸುಳ್ಳ ಅನ್ನಿಸಿದ್ರ? ಆಮ್ಯಾಲೆ ನನ್ನ ಕಡೆ ಏನ ಉಳೀತೈತ್ರಿ ವೈನಿ? ಚೀಟಿ ಹರಿದು ಕೊಡೂದೊಂದ."

ಗೂಟದ ಮೇಲಿನ ಅವನ ಚೀಲ ತೆಗೆದು ಮುಂದಿಟ್ಟೆ. "ಚೀಲಾ ಕಟ್ಟು. ನಾನೂ ಬರತೇನಿ," ಅಂದೆ.

ಕಡಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟೆವು. ಧಾರವಾಡದಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು, ಕಾರವಾರದಲ್ಲಿ ಪರಿಚಯದವರ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಅಳಿವೆಯ ಹತ್ತಿರ, ನದಿ ಸಮುದ್ರಕ್ಕೆ ಸೇರುವ ಆ ಇಕ್ಕಟ್ಟಿನ ಬಾಯಿಗೆ ಹೋದೆವು. ಮೀನು ಹಿಡಿದ ದೋಣಿಗಳು ಒಂದರ ಹಿಂದೊಂದು ಒಳಗೆ ಬರುವ ಹೊತ್ತು. ಅವನು ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ನೀರಿನ ಅಂಚಿಗೆ ಹೋಗಿ ನಿಂತ. ನಾನೂ ಅವನ ಪಕ್ಕಕ್ಕೆ ಹೋದೆ.

"ನಕಾಶದಾಗ ಇದಕ್ಕ ಸಪ್ಪಳ ಇರಲಿಲ್ರಿ," ಅಂದ.

ಅಷ್ಟರಲ್ಲಿ ಬಾಯಿಯ ನಟ್ಟನಡುವೆ ಒಂದು ದೋಣಿಯ ಇಂಜಿನ್ ನಿಂತುಹೋಯಿತು. ಇದೇ ಅಲ್ಲವೇ ಅವನ ಪ್ರಬಂಧ? ಹಿಂದಿನವನು ಬರಬೇಕು, ಹಗ್ಗ ಎಸೆಯಬೇಕು. ಬಾರಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಿಂದಿನ ದೋಣಿ ಬರಲಿಲ್ಲ. ಬರುವುದಿರಲಿ, ಇನ್ನಷ್ಟು ದೂರ ಹಿಂದೆ ಸರಿಯಿತು. ಆಗಲೇ ಒಳಗೆ ಬಂದು ದಡ ಮುಟ್ಟುವುದರಲ್ಲಿದ್ದ ಮುಂದಿನ ದೋಣಿ ತಿರುಗಿ ಹೋಗಿ, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಹಗ್ಗ ಎಸೆದು ಅದನ್ನು ಎಳೆದುಕೊಂಡು ಬಂತು.

ಪಕ್ಕದಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸನ್ನು ಯಾಕೆ ಹೀಗೆಂದು ಕೇಳಿದೆ. "ಹಿಂದಿನವ ಹತ್ರ ಹೋದ್ರೆ ಅಲೆ ಅವನನ್ನ ತಂದು ಕೆಟ್ಟು ನಿಂತವನ ಮೇಲೇ ಹಾಕ್ತದಲ್ಲ ಅಮ್ಮ," ಅಂದಳು. "ದಾಟಿದವನೇ ತಿರುಗಿ ಬರಬೇಕು."

ನಾನು ಹೆದರಿ ಅವನ ಮುಖ ನೋಡಿದೆ. ಅವನು ನಗುತ್ತಿದ್ದ.

"ನಾ ಉಲ್ಟಾ ಬರದೀನ್ರಿ ವೈನಿ. ಪೂರಾ ಉಲ್ಟಾ."

ನನಗೆ ರೇಗಿತು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಘಟ್ಟದ ತಿರುವಿಗೆಲ್ಲ ಸೀಟಿನ ಸರಳು ಹಿಡಿದು, ಇದನ್ನು ಕೇಳಲು ಬಂದೆನೇ? "ತಪ್ಪಾತಂದ್ರ ಹಿಂಗ ನಗತಾರೇನೋ?"

"ತಪ್ಪ ಕಂಡೈತಲ್ರಿ. ಕಂಡದ್ದನ್ನ ತಿದ್ದಬಹುದು." ನೋಟುಬುಕ್ಕು, ಪೆನ್ನು ನನ್ನ ಕಡೆ ಚಾಚಿದ. "ಬರಕೋರಿ. ನಾ ನೋಡಕೋಂತ ಹೇಳತೇನಿ."

ಬರೆದುಕೊಂಡೆ. ಎಂಟೂ ಹತ್ತಕ್ಕೆ ಇಂಜಿನ್ ನಿಂತದ್ದು. ನೀಲಿ ದೋಣಿ. ಹಿಂದಿನದು ಸರಿದದ್ದು, ಮುಂದಿನದು ತಿರುಗಿದ್ದು, ಹಗ್ಗ ಎರಡು ಸಲ ತಪ್ಪಿದ್ದು. ಅವನು ದೋಣಿಗಳ ಮೇಲಿನ ಕಣ್ಣು ಕೀಳದೆ ಹೇಳುತ್ತ ಹೋದ. ಒಂದು ಅಲೆ ಬಂದು ಪಾದ ಮುಚ್ಚಿ, ಹೋಗುವಾಗ ಕಾಲಡಿಯ ಉಸುಕು ಎಳೆದುಕೊಂಡು ಹೋಯಿತು. ಹೆಗಲು ಬಿಗಿದಂತಾಗಿ ತಿರುಗಿ ನೋಡಿದೆ. ಅವನ ಎಡಗೈ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು, ಸಂತೆಯ ಗದ್ದಲದಲ್ಲಿ ಮಕ್ಕಳು ಹಿಡಿಯುವ ಹಾಗೆ. ಹಿಡಿದದ್ದು ಅವನಿಗೆ ಗೊತ್ತಿರಲಿಲ್ಲ.

ಮತ್ತೊಂದು ಅಲೆ ಬಂತು. ನನ್ನ ಹಿಮ್ಮಡಿ ಉಸುಕಿನಲ್ಲಿ ಇಳಿಯುತ್ತಿತ್ತು, ಸೀರೆಯ ಅಂಚು ನೆನೆದಿತ್ತು. ಒಂದು ಹೆಜ್ಜೆ ಹಿಂದೆ ಸರಿದರೆ ಸೆರಗು ಅವನ ಕೈಯಿಂದ ಜಾರುತ್ತಿತ್ತು. ನಾನು ಅಲ್ಲೇ ನಿಂತು ಮುಂದಿನ ದೋಣಿಯ ಬಣ್ಣ ಬರೆದೆ.