ಮಾವನವರ ಹಲ್ಲು, ನನ್ನ ಟೇಪ್‌ರೆಕಾರ್ಡರು

ನಮ್ಮ ಕಡೆ ಯಾವ ಯಂತ್ರವೂ ತನ್ನ ಕೆಲಸವನ್ನಷ್ಟೇ ಮಾಡಿಕೊಂಡು ಇರಲು ಆಗುವುದಿಲ್ಲ, ಜನ ಬಿಡುವುದಿಲ್ಲ. ನನ್ನ ಟೇಪ್‌ರೆಕಾರ್ಡರಿಗೂ ಅದೇ ಗತಿಯಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಚನ್ನಗಿರಿಯಲ್ಲಿ ಲೈಬ್ರರಿಯ ಕೆಲಸದಲ್ಲಿದ್ದೆ. ಮಾತು ಕಡಿಮೆ ಇರುವ ಕೆಲಸ. ಮಾವನವರು ಸೊಕ್ಕೆಯ ಭಜನೆ ಮೇಳದಲ್ಲಿ ಮುಂದಾಳಾಗಿ ಹಾಡುವವರು. ಅವರ ಹಲ್ಲನ್ನೆಲ್ಲ ಕೀಳಲೇಬೇಕೆಂದು ಡಾಕ್ಟರು ಹೇಳಿದಾಗ, ಊಟ ಹೇಗೆ ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ.

"ಹಲ್ಲು ಹೋದ್ರೆ ಅಪ್ಪನ ಹಾಡೂ ಹೋಯ್ತು. ಅಷ್ಟರೊಳಗೆ ಹೆಂಗಾದ್ರೂ ಹಿಡಿದಿಡ್ರಿ," ಎಂದಳು ಹೆಂಡತಿ.

ಶ್ರುತಿ

ಸೊಕ್ಕೆಯ ಕರೆಂಟನ್ನು ನಂಬುವಂತಿರಲಿಲ್ಲ. ಬ್ಯಾಟರಿಯಲ್ಲಿ ಓಡುವ, ಬಸ್ಸಿನಲ್ಲಿ ಒಯ್ಯಬಹುದಾದ ಸೆಟ್ಟು ಬೇಕಿತ್ತು. ಮಾವನವರನ್ನೂ ಕರೆದುಕೊಂಡು ಹೊನ್ನಾಳಿಯ ಅಂಗಡಿಗೆ ಹೋದೆ. ಮೈಕು ಒಳಗೇ ಇರುವ ಸಣ್ಣ ಸೆಟ್ಟೊಂದನ್ನು ಅಂಗಡಿಯವರು ಮುಂದಿಟ್ಟರು. ಮಾವನವರಿಂದ ಒಂದು ಸಾಲು ಹಾಡಿಸಿ, ಹಿಡಿದು ಕೇಳಿದರೆ, ಹಾಡಿನ ಹಿಂದೆ ಮೋಟಾರಿನ ಗುಂಯ್ ಸದ್ದು.

"ಇದೇನ್ರೀ ಇದು?" ಎಂದೆ.

"ಶ್ರುತಿ ಅಂದ್ಕೊಳ್ರಿ ಸಾರ್."

ಮಾವನವರು ಕಣ್ಣು ಮುಚ್ಚಿ ಆ ಸದ್ದಿಗೆ ದನಿ ಕೂಡಿಸಿಯೇ ಬಿಟ್ಟರು. "ಅಳಿಯಂದ್ರೆ, ಕರಿ ಎರಡರ ಶ್ರುತಿಗೆ ಸರಿಯಾಗಿ ಕುಂತೈತೆ! ನಮ್ಮ ಹಾರ್ಮೋನಿಯಮ್ಮೇ ಇಷ್ಟು ಕುಂದ್ರಾಕಿಲ್ಲ."

ನಾನು ಆ ಗುಂಯ್ ಸದ್ದು ಸೇರದಿರಲೆಂದು ಮೈಕು ಬೇರೆ ಇರುವ ಸೆಟ್ಟನ್ನು ಕೊಂಡೆ. ದಾರಿಯುದ್ದಕ್ಕೂ ಅವರು, ಶ್ರುತಿ ಇಲ್ಲದ ಮಿಷಿನ್ನು ಕೊಂಡಿರೆಂದು ಗೊಣಗಿದರು.

ತಾಳ

ಕಲಿಯಬೇಕಲ್ಲ ಎಂದು, ಮಿಷಿನ್ನನ್ನು ಮೊದಲು ಸಾಸ್ವೆಹಳ್ಳಿಯ ಭಜನೆಗೆ ಒಯ್ದೆ. ಮೈಕಿನ ಪಕ್ಕದಲ್ಲೇ ತಾಳ ಹಾಕುವವರು ಬಂದು ಕೂತರು. ಚಾಪೆ ಹರಿಯದೆ ಇದ್ದದ್ದು ಅಲ್ಲಿ ಮಾತ್ರ.

ಆಮೇಲೆ ಹಾಕಿ ಕೇಳಿದರೆ ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದಂತಿತ್ತು. ಹಾಡಿದವರು ಎಲ್ಲೋ ಪಕ್ಕದೂರಿನಲ್ಲಿದ್ದರು. ನಾನು ತಲೆ ತಗ್ಗಿಸಿದೆ. ತಾಳದವರು ಮಾತ್ರ ಕಣ್ಣೊರೆಸಿಕೊಂಡರು.

"ಇಷ್ಟು ವರ್ಷ ಬಾರಿಸಿದೀನಿ ಸಾರ್, ನಂಗೆ ನಾನು ಕೇಳಿಸಿದ್ದು ಇವತ್ತೇ. ಆ ಹಾಡೋರ್ನ ಇನ್ನೊಂಚೂರು ಕಮ್ಮಿ ಮಾಡಾಕೆ ಬರ್ತೈತಾ?"

ಹಿಮ್ಮೇಳ

ಹಲ್ಲು ಕೀಳುವ ಹಿಂದಿನ ರಾತ್ರಿ ಸೊಕ್ಕೆಯ ಗುಡಿಯಲ್ಲಿ ಭಜನೆ ಕೂಡಿತು. ಸಾಸ್ವೆಹಳ್ಳಿಯ ಭಯ ನನಗಿನ್ನೂ ಇತ್ತು. ಕೇಳಲು ಬಂದವರನ್ನು ಉದ್ದೇಶಿಸಿ, "ಮಿಷಿನ್ನು ಓಡುವಾಗ ಹಾಡುವವರನ್ನು ಬಿಟ್ಟು ಯಾರೂ ಉಸಿರೆತ್ತಬಾರದು," ಎಂದೆ.

ಭಜನೆಯಲ್ಲಿ ಮುಂದಾಳು ಒಂದು ಸಾಲು ಹಾಡುತ್ತಾನೆ. ಹಿಮ್ಮೇಳ ಅದನ್ನೇ ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಅವನು ದಮ್ಮು ತೆಗೆದುಕೊಳ್ಳುತ್ತಾನೆ. ಮಾವನವರು ಒಂದು ಸಾಲು ಹಾಡಿ ಹಿಂದೆ ತಿರುಗಿದರು. ಸದ್ದಿಲ್ಲ. ಮತ್ತೆ ಹಾಡಿದರು. ಹಿಮ್ಮೇಳದವರೆಲ್ಲ ತುಟಿ ಬಿಗಿದು, ಮಿಷಿನ್ನಿನ ಮೇಲಿನ ಭಕ್ತಿಯಿಂದ ಕೂತಿದ್ದರು. 'ಹಾಡುವವರು' ಎಂದರೆ ಮಾವನವರೊಬ್ಬರೇ, ನನ್ನ ಮಾತು ತಮಗೂ ಸೇರಿದ್ದು ಎಂದು ತಿಳಿದಿದ್ದರು.

"ಏನ್ರಲೇ, ಬಾಯಿಗೆ ಬೆಲ್ಲ ಮೆತ್ತೈತಾ? ಹಲ್ಲು ಅಲ್ಲಾಡೋದು ನಂದು, ನಾಲಿಗೆ ಬಿದ್ದೋಗಿದ್ದು ನಿಮ್ದಾ?"

ಅಲ್ಲಿಂದ ಶುರುವಾದದ್ದು ಕ್ಯಾಸೆಟ್ಟಿನ ಆ ಮಗ್ಗುಲು ಮುಗಿದು ಗುಂಡಿ ಟಪ್ಪೆಂದು ಮೇಲೆದ್ದ ಮೇಲೂ ನಡೆದಿತ್ತು. ಮಗ್ಗುಲು ತಿರುವಿ ಹಾಕುವಷ್ಟರಲ್ಲಿ ಅವರ ಗಂಟಲು ಕಟ್ಟಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರು, ಹಲ್ಲು ಹೋಯಿತು. ಕ್ಯಾಸೆಟ್ಟಿನಲ್ಲಿ ಬೈಗುಳವೊಂದೇ ಉಳಿಯಿತು, ಒಂದಕ್ಷರವೂ ಮಾಸದೆ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ನಾನು ಮಿಷಿನ್ನನ್ನು ಸೊಕ್ಕೆಯಲ್ಲೇ ಬಿಟ್ಟು ಬಂದೆ.

ಕೆಲವು ತಿಂಗಳ ಮೇಲೆ ಇಬ್ಬರೂ ಹೋದಾಗ ಗುಡಿಯಲ್ಲಿ ಭಜನೆ ನಡೆದಿತ್ತು. ಬೊಚ್ಚುಬಾಯಿಯ ಮಾವನವರು ಹಾಡುತ್ತಿದ್ದರು, ಮೊದಲಿಗಿಂತ ಮೆತ್ತಗೆ, ಮೊದಲಿಗಿಂತ ಇಂಪಾಗಿ. ಹೆಂಡತಿ ನನ್ನತ್ತ ನೋಡಿದಳು. ಅಷ್ಟರಲ್ಲಿ ಹಿಮ್ಮೇಳ ಒಂದು ಸಾಲು ನುಂಗಿತು. ಮಾವನವರು ಕೆರಳಿ ಬಾಯಿ ತೆರೆದರು. ಬರೀ ಗಾಳಿ ಬಂತು. ಹಿಮ್ಮೇಳದವರು ಕಿಸಕ್ಕನೆ ನಕ್ಕರು.

ಅವರು ವಿಚಲಿತರಾಗದೆ, ಮಿಷಿನ್ನು ಮುಂದಿಟ್ಟುಕೊಂಡು ಕೂತಿದ್ದ ಅತ್ತೆಯವರಿಗೆ ಸನ್ನೆ ಮಾಡಿದರು. ಅತ್ತೆ ಸೆರಗು ಸರಿಪಡಿಸಿಕೊಂಡು ಮಿಷಿನ್ನಿನ ಗುಂಡಿ ಒತ್ತಿದರು.

"ಏನ್ರಲೇ, ಬಾಯಿಗೆ ಬೆಲ್ಲ ಮೆತ್ತೈತಾ?"

ಹಿಮ್ಮೇಳ ನೆಟ್ಟಗಾಯಿತು. ಮಾವನವರು ನನ್ನತ್ತ ಬಾಗಿ ಒಂದೊಂದೇ ಮಾತನ್ನು ನಿಧಾನವಾಗಿ ಬಿಡಿಸಿ ಹೇಳಿದರು:

"ಹಾಡಾಕೆ ಹಲ್ಲು ಬ್ಯಾಡ್ರೀ ಅಳಿಯಂದ್ರೆ. ಬೈಯಾಕೆ ಬೇಕು. ನೀವು ಬೇಕಾದ್ದನ್ನೇ ಹಿಡಿದಿಟ್ಟಿದೀರಿ."