ಅನ್ನಮ್ಮನ ಬೆಲ್ಲದ ಪೈ

ಮನುಷ್ಯ ಎಲ್ಲಿ ಮನೆ ಕೊಂಡರೂ, ಯಾವ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡರೂ, ಅವನ ನಾಲಿಗೆ ಮಾತ್ರ ಹುಟ್ಟಿದೂರು ಬಿಟ್ಟು ಕದಲುವುದಿಲ್ಲ ಎಂದು ನನ್ನ ನಂಬಿಕೆ. ನಮ್ಮ ನ್ಯೂಜೆರ್ಸಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಸ್ನೋ, ಮಕ್ಕಳ ಕಾಲೇಜು, ಮಾರ್ಟ್‌ಗೇಜ್ ಇವೆಲ್ಲ ಮುಗಿದ ಮೇಲೆ ಮಾತು ತಿಂಡಿಗೆ ಬಂದೇ ಬರುತ್ತದೆ. ಒಬ್ಬರು ದಾವಣಗೆರೆ ಬೆಣ್ಣೆದೋಸೆ ನೆನೆದು ಕಣ್ಣು ಮುಚ್ಚುತ್ತಾರೆ. ಇನ್ನೊಬ್ಬರು ಧಾರವಾಡದ ಪೇಡೆ ಎಂದು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ, "ನಿಮ್ಮೂರಿನ ಸ್ಪೆಷಲ್ ಏನು ರಘು?" ಎನ್ನುತ್ತಾರೆ. ನಾನು ಒಮ್ಮೆ ನಿಜ ಹೇಳಿ ನೋಡಿದ್ದೇನೆ. "ಶೂಫ್ಲೈ ಪೈ" ಎಂದೆ. ಎಲ್ಲರೂ ಜೋಕು ಎಂದುಕೊಂಡು ನಕ್ಕರು. ಅಂದಿನಿಂದ ಮೈಸೂರ್‌ಪಾಕ್ ಎಂದು ಹೇಳಿ ಬಚಾವಾಗುತ್ತಿದ್ದೇನೆ. ಮೈಸೂರು ಅಮ್ಮನ ಊರು, ನನ್ನದಲ್ಲ.

ನಾನು ಹುಟ್ಟಿ ಬೆಳೆದದ್ದು ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ. ಅಪ್ಪ ಅಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಎತ್ತ ನೋಡಿದರೂ ಮೆನ್ನೊನೈಟರ ಹೊಲಗಳು. ಸರಳವಾಗಿ ಬದುಕಬೇಕು, ಯಾರ ಮೇಲೂ ಕೈಯೆತ್ತಬಾರದು ಎಂದು ನಂಬಿದ ಕ್ರೈಸ್ತರ ಒಂದು ಪಂಗಡ ಅದು. ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬ ಆಂಟಿ, "ಓ, ಆ ಕುದುರೆಗಾಡಿಯವರಾ? ಮನೇಲಿ ಕರೆಂಟೇ ಇಟ್ಕೊಳಲ್ವಂತೆ!" ಎನ್ನುತ್ತಾರೆ. "ಅವರು ಆಮಿಶ್, ಆಂಟಿ. ಇವರು ಅವರ ದಾಯಾದಿಗಳು. ನಮ್ಮ ಪಕ್ಕದ ಮನೆಯವರಿಗೆ ಕಾರಿತ್ತು, ಕರೆಂಟಿತ್ತು, ಫೋನಿತ್ತು. ಟಿವಿ ಮಾತ್ರ ಇರಲಿಲ್ಲ" ಎಂದು ನಾನು ತಾಳ್ಮೆಯಿಂದ ವಿವರಿಸುತ್ತೇನೆ. ಆಂಟಿ ತಲೆಯಾಡಿಸುತ್ತಾರೆ. ಮುಂದಿನ ಸಲ ಸಿಕ್ಕಾಗ ಕುದುರೆ ಹೇಗಿದೆ ಎಂದು ಕೇಳುತ್ತಾರೆ.

ಆ ಪಕ್ಕದ ಮನೆಯಾಕೆಯ ಹೆಸರು ಆನಾ ಮೇ. ನಮ್ಮಮ್ಮ ಮೊದಲ ವಾರವೇ ಅದನ್ನು ಅನ್ನಮ್ಮ ಮಾಡಿಬಿಟ್ಟಳು. ತಲೆಯ ಮೇಲೆ ಬಿಳಿ ಜಾಲರಿಯ ಟೊಪ್ಪಿಗೆ, ಸಣ್ಣ ಹೂವಿನ ಉದ್ದ ಫ್ರಾಕು, ಮಣ್ಣು ಮೆತ್ತಿದ ದೊಡ್ಡ ಕೈಗಳು. ಅಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಅನ್ನಮ್ಮನ ಮನೆಮಾತು ಅವರದೇ ಒಂದು ಬಗೆಯ ಹಳೆಯ ಜರ್ಮನ್. ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಒಂದು ಗಂಟೆ ಮಾತಾಡುತ್ತಿದ್ದರು. ಏನು ಮಾತಾಡಿದಿರಿ ಎಂದರೆ ಅಮ್ಮ "ಕಷ್ಟ ಸುಖ" ಎನ್ನುತ್ತಿದ್ದಳು. ಬೇಲಿಯ ಮೇಲೆ ಪಾತ್ರೆಗಳು ಓಡಾಡುತ್ತಿದ್ದವು. ಅಲ್ಲಿಂದ ಆಪಲ್ ಬಟರ್ ಬರುತ್ತಿತ್ತು. ಹೆಸರಿಗೆ ಬಟರ್, ಬೆಣ್ಣೆಯ ಸುಳಿವೂ ಇಲ್ಲ. ಸೇಬನ್ನು ತಾಮ್ರದ ಹಂಡೆಯಲ್ಲಿ ದಿನವಿಡೀ ತಿರುವಿ ತಿರುವಿ ಕಪ್ಪಗೆ ಮಾಡಿದ ಗೊಜ್ಜು ಅದು. ಹೂಕೋಸು, ಹುರುಳಿಕಾಯಿ, ಕ್ಯಾರೆಟ್ಟನ್ನು ಸಿಹಿ ವಿನಿಗರ್‌ನಲ್ಲಿ ಮುಳುಗಿಸಿದ ಚೌಚೌ ಎಂಬ ಉಪ್ಪಿನಕಾಯಿ ಬರುತ್ತಿತ್ತು. ಅಮ್ಮ ಅದಕ್ಕೆ ಸಾಸಿವೆ ಇಂಗಿನ ಒಗ್ಗರಣೆ ಹಾಕಿ ಮರ್ಯಾದೆ ತಂದುಕೊಡುತ್ತಿದ್ದಳು. ಈ ಕಡೆಯಿಂದ ಕೋಸಂಬರಿ, ಕೊಬ್ಬರಿಮಿಠಾಯಿ, ಒಮ್ಮೊಮ್ಮೆ ಧೈರ್ಯ ಮಾಡಿ ಬಿಸಿಬೇಳೆಭಾತು ಹೋಗುತ್ತಿತ್ತು. ಬಿಸಿಬೇಳೆಭಾತು ತಿಂದ ದಿನ ಅನ್ನಮ್ಮನ ಯಜಮಾನರು ಹೊಲದ ಪಂಪಿನ ಕೆಳಗೆ ಬಾಯಿಟ್ಟು ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಪೈ! ಶನಿವಾರ ಅನ್ನಮ್ಮನ ಮನೆಯಲ್ಲಿ ಪೈ ಸುಡುವ ದಿನ. ಕಾಕಂಬಿಗೆ ಬಿಸಿನೀರು ಬೆರೆಸಿ, ಲಟ್ಟಿಸಿದ ಹಿಟ್ಟಿನ ಕವಚದೊಳಗೆ ಹೊಯ್ದು, ಮೇಲೆ ಹಿಟ್ಟು ಸಕ್ಕರೆಯ ಪುಡಿ ಉದುರಿಸಿ ಬೇಯಿಸುವ ಪೈ ಅದು. ಸಿಹಿಗೆ ನೊಣ ಮುತ್ತುತ್ತವೆ, ಅವನ್ನು ಓಡಿಸುತ್ತಿರಬೇಕು ಎಂದೇ ಅದಕ್ಕೆ ಶೂಫ್ಲೈ ಎಂಬ ಹೆಸರಂತೆ. ಇದಕ್ಕೆ ಮೊಟ್ಟೆ ಹಾಕುವವರೂ ಇದ್ದಾರೆ, ಅನ್ನಮ್ಮ ಹಾಕುತ್ತಿರಲಿಲ್ಲ. ಜೋನಿಬೆಲ್ಲದ ಹಾಗೆ ಒದ್ದೆಯಾದ ತಳ, ಬಾಯಲ್ಲಿಟ್ಟರೆ ಪುಡಿಯಾಗುವ ಮೇಲ್ಭಾಗ, ಎಲ್ಲಕ್ಕಿಂತ ಹೆಚ್ಚಾಗಿ ಆ ಹೊರಗಿನ ಕವಚ. ಪದರ ಪದರವಾಗಿ ಬಿಡುತ್ತಿತ್ತು. ಈಗಲೂ ರೂಟ್ 287ರಲ್ಲಿ ಟ್ರಾಫಿಕ್ ನಿಂತಾಗ ಆ ಕವಚ ನನ್ನ ಕಣ್ಣ ಮುಂದೆ ಬರುತ್ತದೆ. ಬಂದರೆ ಒಂದೇ ಬರುವುದಿಲ್ಲ. ಹಗ್ಗದ ಮೇಲೆ ಸಾಲಾಗಿ ಒಣಗುವ ಒಂದೇ ಬಣ್ಣದ ಅಂಗಿಗಳು ಬರುತ್ತವೆ, ಕೊಯ್ದ ಹುಲ್ಲಿನ ವಾಸನೆ ಬರುತ್ತದೆ, ಭಾನುವಾರ ಬೆಳಿಗ್ಗೆ ವಾದ್ಯವಿಲ್ಲದೆ ಬರೀ ಕೊರಳಿನಲ್ಲಿ ಇಡೀ ಚರ್ಚು ಹಾಡುವ ಹಾಡು ಜೋಳದ ಹೊಲ ದಾಟಿ ಬರುತ್ತದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದಾಗಲೇ ನಾನು ನ್ಯೂಜೆರ್ಸಿಗೆ ಮರಳುವುದು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿ ನಮ್ಮ ಜೊತೆಗಿದ್ದಾಳೆ. ಹೋದ ಚಳಿಗಾಲದಲ್ಲಿ ನನಗೆ ಆ ಪೈಯನ್ನು ಮನೆಯಲ್ಲೇ ಮಾಡಬೇಕೆಂಬ ಹುಚ್ಚು ಹಿಡಿಯಿತು. ಅಂದಿನಿಂದ ನಮ್ಮ ಮನೆಯ ಶನಿವಾರಗಳು ಹಾಳಾದವು. ತುಪ್ಪ ಹಾಕಿ ಮಾಡಿದೆ, ಬೆಣ್ಣೆ ಹಾಕಿ ಮಾಡಿದೆ, ವುಡ್‌ಬ್ರಿಡ್ಜ್ ಕಡೆಯ ಅಂಗಡಿಯಿಂದ ಜೋನಿಬೆಲ್ಲ ತಂದು ಮಾಡಿದೆ. ಅಮ್ಮ ಪ್ರತಿ ಸಲವೂ, ಅದರಲ್ಲೂ ತುಪ್ಪದ್ದು ಮಾಡಿದಾಗ, ಚಮಚ ನೆಕ್ಕಿ "ಅನ್ನಮ್ಮನ ಕೈರುಚೀನೇ ಬಂದಿದೆ ಕಣೋ" ಎನ್ನುತ್ತಿದ್ದಳು. ನನಗೆ ಸಮಾಧಾನವಿಲ್ಲ. ಎಲ್ಲ ಇದೆ, ಏನೋ ಒಂದು ಇಲ್ಲ. "ರೀ, ಅತ್ತೆಗೆ ಸರಿ ಅನ್ಸಿದ್ದು ನಿಮಗ್ಯಾಕೆ ಸರಿ ಅನ್ಸಲ್ಲ? ನನ್ನ ಓವನ್ನಿಗೆ ರಜ ಕೊಡಿ" ಎಂದಳು ನನ್ನ ಹೆಂಡತಿ ಸುಮಾ. ಮಗಳು ನಿಧಿಯಂತೂ "ಡ್ಯಾಡ್, ಇಟ್ಸ್ ಜಸ್ಟ್ ಪೈ" ಎಂದುಬಿಟ್ಟಳು. ಅಮ್ಮನಿಗೆ ವಯಸ್ಸಾಯಿತು, ನಾಲಿಗೆ ಮಂದವಾಗಿದೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ನನ್ನ ನಾಲಿಗೆಯ ಮೇಲೆ ನನಗೆ ಅಷ್ಟು ಅಭಿಮಾನ.

ಒಂದು ಮಧ್ಯಾಹ್ನ ಆಫೀಸಿನ ಜೂಮ್ ಮೀಟಿಂಗಿನಲ್ಲಿ, ಬೇರೊಂದು ವಿಂಡೋದಲ್ಲಿ ಆ ಊರಿನ ಹಳೆಯ ಅಡುಗೆಗಳ ಬಗ್ಗೆ ಓದುತ್ತಿದ್ದೆ. ಪೈ ಕವಚ ಪದರ ಬಿಡುವ ಗುಟ್ಟು ಅಲ್ಲಿ ಒಂದೇ ಸಾಲಿನಲ್ಲಿತ್ತು: ಹಂದಿಯ ಕೊಬ್ಬು. ಆ ಕಡೆಯ ಹೆಂಗಸರು ತಲೆತಲಾಂತರದಿಂದ ಕವಚಕ್ಕೆ ಹಾಕುತ್ತಿದ್ದದ್ದು ಅದನ್ನೇ. "ರಘು, ಎನಿ ಥಾಟ್ಸ್?" ಎಂದು ಬಾಸ್ ಕೇಳಿದ. ಇದ್ದ ಒಂದೇ ಥಾಟನ್ನು ಅವನಿಗೆ ಹೇಳುವ ಹಾಗಿರಲಿಲ್ಲ.

ನನ್ನ ಅಮ್ಮನನ್ನು ನೀವು ಬಲ್ಲವರಲ್ಲ. ಈ ದೇಶಕ್ಕೆ ಬಂದಾಗಿನಿಂದ ಬಿಸ್ಕತ್ತಿನ ಪೊಟ್ಟಣದ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದಿಸಿ ಕೇಳಿದ ಹೆಂಗಸು. ಅಪ್ಪನ ಆಸ್ಪತ್ರೆಯ ಪಾರ್ಟಿಗಳಲ್ಲಿ ಬಾಳೆಹಣ್ಣು ತಿಂದು ಎದ್ದು ಬಂದವಳು. ದೇವಸ್ಥಾನದ ಕ್ಯಾಂಟೀನಿನಲ್ಲಿ ಕೂತು ಉಳಿದ ಆಂಟಿಯರಿಗೆ, "ಇಷ್ಟು ವರ್ಷ ಇದ್ದೀನಿ ಇಲ್ಲಿ. ಒಂದು ದಿನ ನಾಲಿಗೆ ಕೆಡಿಸಿಕೊಂಡಿಲ್ಲ" ಎಂದು ಹೇಳುವಾಗ ಅವಳ ಮುಖ ನೋಡಬೇಕು. ಪುಟ್ಟ ಮಗುವಿನ ಮುಖದಷ್ಟು ನಿಶ್ಚಿಂತೆ. ಆ ಮುಖದೆದುರು ನಾನು ಹೋಗಿ, ಅಮ್ಮಾ, ನೀನು ಪ್ರತಿ ಶನಿವಾರ ಚಪ್ಪರಿಸಿದ್ದು ಹಂದಿಯ ಕೊಬ್ಬು ಎನ್ನಬೇಕೇ? ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಷ್ಟು ಕಾಪಾಡಿಕೊಂಡು ಬಂದದ್ದು ಈ ವಯಸ್ಸಿನಲ್ಲಿ ಒಂದು ಮಾತಿಗೆ ಮಣ್ಣುಪಾಲಾಗುವುದು ಬೇಡ ಎನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಇಡೀ ಅಮೆರಿಕದಲ್ಲಿ ಅವಳು ಗಳಿಸಿದ ಒಬ್ಬಳೇ ಒಬ್ಬ ಗೆಳತಿಯ ಮೇಲೆ ಅವಳಿಗೆ ಬೇಸರ ಹುಟ್ಟುವುದು ಬೇಡ ಎನ್ನಿಸಿತು.

ಹಾಗಾಗಿ ಪೈ ಮಾಡುವುದನ್ನು ನಿಲ್ಲಿಸಿದೆ. ಅದೇ ತಪ್ಪಾಯಿತು. ಮಗ ನಿರಾಶನಾಗಿದ್ದಾನೆ ಎಂದು ಅಮ್ಮ ತಿಳಿದಳು. "ಅನ್ನಮ್ಮನ್ನೇ ಕೇಳಿಬಿಡೋಣ. ಫೋನ್ ಹಚ್ಚು" ಎಂದಳು. ಅನ್ನಮ್ಮ ಈಗ ಅಲ್ಲಿಯೇ ಒಂದು ವೃದ್ಧರ ನಿವಾಸದಲ್ಲಿದ್ದಾಳೆ, ಕಿವಿ ಇನ್ನೂ ಚುರುಕಾಗಿದೆ. ನಾನು ಅವರಿಗೆ ಮಲಗುವ ಹೊತ್ತು ಎಂದೆ. ಮಾರನೆಯ ದಿನ ಪ್ರಾರ್ಥನೆಯ ಹೊತ್ತು ಎಂದೆ. ಆಮೇಲೆ ನಂಬರ್ ಕಳೆದುಹೋಗಿದೆ ಎಂದೆ. "ನಿನ್ನ ಫೋನಲ್ಲಿರೋ ನಂಬರ್ ಹೇಗೋ ಕಳೆದುಹೋಗತ್ತೆ?" ಎಂದು ಅಮ್ಮ ಕೇಳಿದಳು. ಔಷಧ ಕಂಪನಿಯಲ್ಲಿ ಇಷ್ಟು ವರ್ಷ ದುಡಿದ ನನಗೆ ಒಂದು ನೆಟ್ಟಗಿನ ಸುಳ್ಳು ಹೊಳೆಯಲಿಲ್ಲ.

ಒಂದು ಭಾನುವಾರ ನಾನು ಸ್ನಾನ ಮುಗಿಸಿ ಕೆಳಗಿಳಿದು ಬಂದಾಗ ಅಡುಗೆಮನೆಯ ಮೇಜಿನ ಮೇಲೆ ನನ್ನ ಫೋನು ಬಿದ್ದಿತ್ತು, ಪಕ್ಕದಲ್ಲಿ ನಿಧಿಯ ಫೋನು ಸ್ಪೀಕರ್‌ನಲ್ಲಿತ್ತು. "ಅಜ್ಜಿ, ಇಟ್ಸ್ ರಿಂಗಿಂಗ್!" ಎನ್ನುತ್ತಿದ್ದಳು. ನಾನು ಕೈಚಾಚುವಷ್ಟರಲ್ಲಿ ಅಮ್ಮ "ಅನ್ನಮ್ಮಾ!" ಎಂದು ಕೂಗಿದಳು, ಆ ಕಡೆಯಿಂದ ನಿಧಾನವಾದ, ಬೆಚ್ಚಗಿನ ದನಿ "ವಿಮಲಾ?" ಎಂದಿತು. ಇಬ್ಬರೂ ಒಂದಷ್ಟು ಹೊತ್ತು ಬರೀ ನಕ್ಕರು. ಆಮೇಲೆ ಅಮ್ಮ ಅವಳದೇ ಇಂಗ್ಲಿಷಿನಲ್ಲಿ ವಿಷಯಕ್ಕೆ ಬಂದಳು. ಅದನ್ನು ನಾನು ಕನ್ನಡದಲ್ಲೇ ಬರೆಯುವುದು ಎಲ್ಲರಿಗೂ ಕ್ಷೇಮ.

"ನಿನ್ನ ಪೈ ಮಾಡೋಕೆ ಹೋಗಿ ಒದ್ದಾಡ್ತಿದ್ದಾನೆ ನಮ್ಮ ಹುಡುಗ. ಹೊರಗಿನ ಕವಚಕ್ಕೆ ಏನು ಹಾಕ್ತಿದ್ದೆ ಅಂತ ನೀನೇ ಅವನಿಗೆ ಹೇಳು ಅನ್ನಮ್ಮ."

"ಹಂದಿಯ ಕೊಬ್ಬು" ಎಂದಳು ಅನ್ನಮ್ಮ, ಉಪ್ಪು ಎಂದಷ್ಟೇ ಸಲೀಸಾಗಿ.

ಸುಮಾ ಒಲೆಯ ಮೇಲಿನ ಉಪ್ಪಿಟ್ಟನ್ನು ಮರೆತು ನಿಂತಳು. ಅಮ್ಮ ಮಾತ್ರ ತಣ್ಣಗೆ, "ಅದು ನಿಮ್ಮದಕ್ಕೆ. ನಮ್ಮದಕ್ಕೆ?" ಎಂದಳು.

"ನಿಮ್ಮದಕ್ಕೆ ನಿನ್ನ ತುಪ್ಪವೇ, ಮತ್ತೇನು? ನಮ್ಮ ಹಸುವಿನ ಬೆಣ್ಣೆ ಒಯ್ದು ನೀನು ಕಾಯಿಸಿ ಕಳಿಸುತ್ತಿದ್ದೆಯಲ್ಲ. ನೀನು ಹೇಳಿದ ದಿನದಿಂದ ನಿಮಗೆಂದು ಲಟ್ಟಣಿಗೆ ಬೇರೆ, ತಟ್ಟೆ ಬೇರೆ. ಲಟ್ಟಣಿಗೆಗೆ ಕೆಂಪು ದಾರ ಕಟ್ಟಿದ್ದೆ. ನನ್ನ ಮಕ್ಕಳು ಅದನ್ನು ಮುಟ್ಟಿದರೆ ಕೈಮೇಲೆ ಕೊಡುತ್ತಿದ್ದೆ."

"ಗೊತ್ತು. ತೋರಿಸಿದ್ದೆಯಲ್ಲ" ಎಂದಳು ಅಮ್ಮ. ಮಡಿ ಎಂಬ ಮಾತೇ ಕೇಳದ ಹೆಂಗಸೊಬ್ಬಳು ತನ್ನ ಅಡುಗೆಮನೆಯ ಮೂಲೆಯಲ್ಲಿ ನಮಗಾಗಿ ಅಷ್ಟು ವರ್ಷ ಮಡಿ ಕಾಪಾಡಿದ್ದಳು. ತಿಂಗಳುಗಟ್ಟಲೆಯ ಭಾರ ಇಳಿದು ಎಷ್ಟು ಹಗುರಾದೆನೆಂದರೆ, ಸುಮ್ಮನಿರಬೇಕಾದ ಕಡೆ ಬಾಯಿ ಹಾಕಿದೆ.

"ಆದರೆ ಆನಾ ಮೇ, ತುಪ್ಪ ಹಾಕಿಯೇ ಮಾಡಿದೆ. ಆ ರುಚಿ ಬರಲೇ ಇಲ್ಲ."

ಆ ಕಡೆ ನಗು ಶುರುವಾಯಿತು. ಕೆಮ್ಮು ಬರುವಷ್ಟು ನಕ್ಕಳು. "ಹೇಗೆ ಬರುತ್ತದೆ ಮಗೂ? ನೀನು ನಿಮ್ಮ ಮನೆಯ ಪೈ ಎಲ್ಲಿ ತಿಂದೆ? ಓವನ್ನಿಂದ ತೆಗೆಯುವಷ್ಟರಲ್ಲಿ ಹಿಂದಿನ ಬಾಗಿಲಿಂದ ಬಂದು ನನ್ನ ಮಕ್ಕಳ ನಡುವೆ ಕೂತಿರುತ್ತಿದ್ದೆ. ಬೇಡ, ನಿನ್ನದು ನಿಮ್ಮ ಮನೆಗೆ ಹೋಗಿದೆ ಎಂದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದೆ. ನಾನೇನು ಮಾಡಲಿ?"

ಒಲೆಯ ಮೇಲೆ ಉಪ್ಪಿಟ್ಟು ಸೀಯುತ್ತಿತ್ತು. ನಿಧಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಹೋಮ ಹವನ ಯಾವುದಾದರೂ ಹೇಳುತ್ತಾಳೆ ಎಂದು ಕಾದೆ.

"ವಿಮಲಾ, ಬೇಜಾರಾಯಿತಾ?" ಎಂದಳು ಅನ್ನಮ್ಮ, ಈಗ ನಗುವಿಲ್ಲದೆ. "ನನ್ನ ಸೊಸೆ ಈಗಲೂ ಎರಡೂ ಬಗೆ ಮಾಡುತ್ತಾಳೆ. ಕಳಿಸಲಾ, ಬೇಡವಾ?"

ಅಮ್ಮ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅಲ್ಲಿ ನೋಡುವಂಥದ್ದೇನಿಲ್ಲ, ಪಕ್ಕದ ಮನೆಯ ಡ್ರೈವ್‌ವೇ ಅಷ್ಟೆ. ಕೊನೆಗೆ, "ಎರಡು ಕಳಿಸು ಅನ್ನಮ್ಮ. ಒಂದು ನಂದು, ಒಂದು ಅವನದು. ಯಾವುದು ಯಾರದು ಅಂತ ಮೇಲೆ ದೊಡ್ಡದಾಗಿ ಬರೆಸು" ಎಂದಳು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ಹಸಿದಿದ್ದೆ ಅಂತ ನನಗೆ ಹೇಳೋಕೇನಾಗಿತ್ತೋ ನಿನಗೆ?" ಎಂದಷ್ಟೇ ಕೇಳಿದಳು. ನಾನು ಹಸಿದಿರಲಿಲ್ಲ. ಆ ಮೇಜಿನ ಸುತ್ತ ಇದ್ದ ಮಕ್ಕಳಲ್ಲಿ ನಾನೂ ಒಬ್ಬನಾಗಬೇಕಿತ್ತು. ಅದನ್ನು ಅಮ್ಮನಿಗೆ ಹೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.

ಪಾರ್ಸೆಲ್ ಬಂತು. ಒಂದರ ಮೇಲೆ ಅಮ್ಮನ ಹೆಸರು, ಇನ್ನೊಂದರ ಮೇಲೆ ನನ್ನದು. ನನ್ನದನ್ನು ಎದುರಿಗಿಟ್ಟುಕೊಂಡು ಕೂತೆ. ಇಷ್ಟು ತಿಂಗಳು ಕನವರಿಸಿದ ರುಚಿ ಕೈಯಳತೆಯಲ್ಲಿತ್ತು, ಚಮಚ ಮಾತ್ರ ಏಳಲಿಲ್ಲ. ಈಗ ಎಲ್ಲ ಗೊತ್ತಾಗಿತ್ತಲ್ಲ. ಮೆಲ್ಲಗೆ ಅಮ್ಮನ ಪೈ ಕಡೆ ಕೈಚಾಚಿದೆ. ಅವಳು ಪಟ್ಟನೆ ಕೈಮೇಲೆ ಹೊಡೆದು, "ಅದರ ಕೈ ಇದಕ್ಕೆ ತರಬೇಡ. ನಿನ್ನದು ನೀನು ತಿನ್ನು" ಎಂದಳು. ಕಣ್ಣು ಮುಚ್ಚಿ ತಿಂದೆ. ಅದೇ! ಆ ಹುಲ್ಲು, ಆ ಹಾಡು, ಆ ಅಂಗಿಗಳ ಸಾಲು, ಎಲ್ಲ ಒಂದೊಂದಾಗಿ ಬಂದವು. ಕಣ್ಣು ಬಿಟ್ಟಾಗ ಸುಮಾ ನನ್ನ ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದಳು. ಉಳಿದದ್ದನ್ನು ಅತ್ತೆ ಸೊಸೆ ಒಮ್ಮತದಿಂದ ಗ್ಯಾರೇಜಿನ ಹಳೆಯ ಫ್ರಿಜ್ಜಿಗೆ ಸಾಗಿಸಿದರು.

ಹಾಗಾಗಿ ಸಸ್ಯಾಹಾರಿಯಾದ ನಾನು ಈಗ ದಿನಾ ಸಂಜೆ ರೀಸೈಕ್ಲಿಂಗ್ ಹೊರಗಿಡುವ ನೆಪದಲ್ಲಿ ಗ್ಯಾರೇಜಿಗೆ ಹೋಗುತ್ತೇನೆ. ನಮ್ಮ ಬೀದಿಯಲ್ಲಿ ರೀಸೈಕ್ಲಿಂಗ್ ಬಗ್ಗೆ ಇಷ್ಟು ಶ್ರದ್ಧೆಯಿರುವ ಮನುಷ್ಯ ಬೇರೊಬ್ಬನಿಲ್ಲ. ನಿನ್ನೆ ಲಾನ್‌ಮೋವರ್‌ನ ಪಕ್ಕ ನಿಂತು ಕೊನೆಯ ತುಂಡನ್ನು ಬಾಯಿಗಿಡುತ್ತಿದ್ದಾಗ ಒಳಗಿನಿಂದ ಅಮ್ಮನ ದನಿ ಬಂತು: "ರಘೂ, ಮುಗೀತೇನೋ? ಮುಗಿದಿದ್ರೆ ಅನ್ನಮ್ಮನಿಗೆ ಇನ್ನೊಂದು ಕಳಿಸೋಕೆ ಹೇಳ್ತೀನಿ."